ಶಾದ್ಲಿ ಓದಿದ ಮೊದಲ ಕಾದಂಬರಿ

ಸ್ಫಾಕ್ಸ್ ಬಂದರಿನಿಂದ ಕೆರ್ಕೆನ್ನಾ ದ್ವೀಪಗಳಿಗೆ ಓಡಾಡುವ ಹಡಗಿನ ಇಂಜಿನ್ ಕೋಣೆಯಲ್ಲೇ ಶಾದ್ಲಿಯ ಪ್ರಾಯವೆಲ್ಲ ಕಳೆದಿತ್ತು. ಆ ಗದ್ದಲ ಕಿವಿಗೆ ಎಷ್ಟು ಒಗ್ಗಿತ್ತೆಂದರೆ, ನಿವೃತ್ತನಾದ ಮೇಲೂ ಮನೆಯಲ್ಲಿ ಕೂಗಿಕೊಂಡೇ ಮಾತಾಡುತ್ತಿದ್ದ. ಪುಸ್ತಕಗಳ ಸಹವಾಸವೆಲ್ಲ ಹೆಂಡತಿಯದು. ಬಹೀಜಾ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವಳು. ಗುರುವಾರ ಸಂಜೆಯಾದರೆ ಅವಳ ಇಬ್ಬರು ಗೆಳತಿಯರು ಬಂದು ಅಂಗಳದಲ್ಲಿ ಕೂರುತ್ತಿದ್ದರು. ಒಬ್ಬಳು ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ದಲಂದಾ, ಬಾಯಿ ಸ್ವಲ್ಪ ಜೋರು. ಇನ್ನೊಬ್ಬಳು ಅಂಚೆ ಕಚೇರಿಯ ಹಯಾತ್, ವಯಸ್ಸಿನಲ್ಲಿ ಕಿರಿಯಳು. ಈಗ ಯಾರು ಏನು ಓದುತ್ತಿದ್ದಾರೆ, ಯಾವುದು ಹಿಡಿಸಿತು, ಯಾವುದನ್ನು ಅರ್ಧಕ್ಕೇ ಎತ್ತಿಟ್ಟರು ಎಂಬುದೇ ಅವರ ಮಾತು. ಶಾದ್ಲಿ ಬಾದಾಮಿ ತೇಲಿಬಿಟ್ಟ ಚಹಾ ತಂದಿಟ್ಟು, ಬೀದಿ ತುದಿಯ ಕಾಫಿ ಅಂಗಡಿಗೆ ಇಸ್ಪೀಟಾಡಲು ಹೊರಟುಬಿಡುತ್ತಿದ್ದ.

ಒಂದು ಚಳಿಗಾಲ ಬಹೀಜಾಳಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈಯೂ ಮೆಲ್ಲಗೆ ಚೇತರಿಸಿಕೊಂಡಿತು, ಮಾತು ಮಾತ್ರ ಹೋಯಿತು. ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರವೂ ಒಳಗಿರುತ್ತದೆ, ನಾಲಿಗೆಗೆ ಬರುವುದಿಲ್ಲ ಎಂದರು ಡಾಕ್ಟರು. ಮುಂದೆ ಬರಬಹುದು, ಬರದೆಯೂ ಇರಬಹುದು. ಓದೋಣವೆಂದರೆ ಅಕ್ಷರಗಳು ಕಣ್ಣೆದುರು ಕಲಸಿಹೋಗುತ್ತಿದ್ದವು.

ಗೆಳತಿಯರು ಒಮ್ಮೆ ಬಂದು, ಎಂದಿನಂತೆ ತಾವು ಓದಿದ್ದನ್ನು ಹೇಳತೊಡಗಿದಾಗ ಬಹೀಜಾಳ ಕಣ್ಣಲ್ಲಿ ನೀರಾಡಿತು. ಶಾದ್ಲಿಗೆ ಅದನ್ನು ನೋಡಲಾಗಲಿಲ್ಲ. ಬೀಳ್ಕೊಡುವಾಗ ಬಾಗಿಲಲ್ಲಿ, ಸದ್ಯಕ್ಕೆ ಬರುವುದು ಬೇಡ ಎಂದುಬಿಟ್ಟ. ದಲಂದಾ ಏನೋ ಹೇಳಹೊರಟವಳು ಅವನ ಮುಖ ನೋಡಿ ಹಯಾತ್‌ಳನ್ನು ಕರೆದುಕೊಂಡು ಹೊರಟಳು.

ಆಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಶಾದ್ಲಿಗೆ ಉಸಿರುಕಟ್ಟಿದಂತಾಯಿತು. ಅವಳ ಎದುರು ಒಬ್ಬನೇ ಮಾತಾಡಿ ಮಾತಾಡಿ, ಹೇಳಲು ಏನೂ ಉಳಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವಳ ಮಂಚದ ಪಕ್ಕ ಅರ್ಧ ಓದಿಟ್ಟಿದ್ದ ಪತ್ತೇದಾರಿ ಕಾದಂಬರಿಯನ್ನು ಎತ್ತಿಕೊಂಡು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದ. ದೀಪಸ್ತಂಭದ ಕಾವಲುಗಾರನೊಬ್ಬ ಸತ್ತು ಬಿದ್ದಿರುತ್ತಾನೆ, ದ್ವೀಪದಲ್ಲಿ ಇದ್ದವರು ನಾಲ್ಕೇ ಜನ. ಶಾದ್ಲಿ ಎಡವುತ್ತ ಓದುತ್ತಿದ್ದ, ಒಮ್ಮೊಮ್ಮೆ ಒಂದೇ ಸಾಲನ್ನು ಎರಡು ಸಲ ಓದುತ್ತಿದ್ದ. ಬಹೀಜಾ ದಿಂಬಿಗೊರಗಿ ಕಣ್ಣು ಮುಚ್ಚಿರುತ್ತಿದ್ದಳು. ಅವನು ನಿಲ್ಲಿಸಿದರೆ ಕಣ್ಣು ತೆರೆಯುತ್ತಿದ್ದಳು. ಅಷ್ಟು ಸಾಕಾಗಿತ್ತು ಅವನಿಗೆ.

ಹಾಗೆ ಓದುತ್ತ ಓದುತ್ತ ಅವನಿಗೇ ಕಥೆಯ ಹುಚ್ಚು ಹಿಡಿಯಿತು. ಅವಳು ಮಧ್ಯಾಹ್ನ ನಿದ್ದೆಹೋದಾಗ ಅಡುಗೆಮನೆಯಲ್ಲಿ ಕೂತು ಕದ್ದು ಮುಂದೆ ಓದಿದ. ಒಲೆಯ ಮೇಲಿದ್ದ ಮೀನಿನ ಸಾರು ತಳ ಹಿಡಿಯಿತು, ಪುಸ್ತಕ ಮುಗಿಯಿತು. ಕೊಲೆ ಮಾಡಿದವರು ಯಾರೆಂದು ತಿಳಿದಾಗ ಅವನಿಗೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೇಹೋಗುತ್ತದೆ ಅನ್ನಿಸಿತು. ಈ ಹೆಂಗಸರು ವಾರವಾರ ಯಾಕೆ ಸೇರುತ್ತಿದ್ದರೆಂದು ಅವತ್ತು ಅರ್ಥವಾಯಿತು. ಸಂಜೆಯೇ ದಲಂದಾಳ ಮನೆಗೆ ಹೋಗಿ, ಗುರುವಾರ ಬನ್ನಿ ಎಂದು ಕರೆದ.

ಇಬ್ಬರೂ ಬಂದರು. ಬಹೀಜಾಳನ್ನು ಅಂಗಳಕ್ಕೆ ಕರೆತಂದು ಅವಳ ಕುರ್ಚಿಯಲ್ಲಿ ಕೂರಿಸಿದರು. ಹಯಾತ್ ತಾನು ಓದುತ್ತಿದ್ದ ಪ್ರವಾಸಕಥೆಯ ವಿಷಯ ಹೇಳಿದಳು. ದಲಂದಾ ಇತಿಹಾಸದ ದಪ್ಪ ಪುಸ್ತಕವೊಂದನ್ನು ನಡುವೆಯೇ ಬಿಟ್ಟಿದ್ದಳು, ಅದನ್ನು ಬರೆದವನಿಗೆ ಮನಸಾರೆ ಬೈದಳು. ಶಾದ್ಲಿ ಚಹಾ ಕೊಟ್ಟ ಮೇಲೂ ಅಲ್ಲೇ ನಿಂತಿದ್ದ.

"ಶಾದ್ಲಿಯವ್ರೇ, ಇವತ್ತು ಇಸ್ಪೀಟಿಗೆ ಹೋಗ್ಲಿಲ್ವಾ? ಏನ್ ಕಥೆ, ನೀವೂ ಏನಾದ್ರೂ ಓದ್ತಾ ಇದೀರಾ?" ಎಂದು ದಲಂದಾ ಕಾಲೆಳೆದಳು.

"ಓದ್ತಾ ಇದೀನಿ ಅಂತಲೇ ಇಟ್ಕೊಳಿ," ಎಂದ ಶಾದ್ಲಿ. ಕುರ್ಚಿ ಎಳೆದುಕೊಂಡು ಕೂತು ದೀಪಸ್ತಂಭದ ಕಥೆ ಶುರುಮಾಡಿದ. ದಲಂದಾಳೂ ಮುಂದಕ್ಕೆ ಬಾಗಿ ಕೇಳುವಷ್ಟು ಚೆನ್ನಾಗಿಯೇ ಹೇಳುತ್ತಿದ್ದ. ಹೇಳುವ ಹುರುಪಿನಲ್ಲಿ ಮೈಮರೆತ. "ಎಲ್ರಿಗೂ ಆ ಮೀನುಗಾರನ ಮೇಲೇ ಗುಮಾನಿ. ಆದ್ರೆ ಕೊಂದೋರು ಯಾರು ಗೊತ್ತಾ..."

"ಬೇಡ."

ಯಾರ ದನಿಯೆಂದು ಶಾದ್ಲಿಗೆ ತಕ್ಷಣ ಹೊಳೆಯಲಿಲ್ಲ. ಹಯಾತ್ ಕೈಲಿದ್ದ ಲೋಟವನ್ನು ಹಾಗೇ ಹಿಡಿದುಕೊಂಡಿದ್ದಳು. ಬಹೀಜಾಳ ಮುಖ ಕೋಪದಿಂದ ಕೆಂಪಾಗಿತ್ತು, ತುಟಿ ಪ್ರಯಾಸದಿಂದ ಅಲುಗುತ್ತಿತ್ತು.

"ಹೇಳ್... ಬೇಡ. ನಂದು... ಮುಗಿದಿಲ್ಲ."

ಶಾದ್ಲಿ ಎದ್ದು ನಿಂತ, ಮತ್ತೆ ಕೂತ. ತಿಂಗಳುಗಳಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಭಾರವೆಲ್ಲ ಒಮ್ಮೆಲೇ ಇಳಿದು ಮೈ ಸಡಿಲವಾಯಿತು. ಬೊಗಸೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಅವನು ಅತ್ತದ್ದನ್ನು ಕಾಣದವಳಂತೆ ದಲಂದಾ, ತನ್ನ ಕಣ್ಣನ್ನೂ ತಲೆವಸ್ತ್ರದ ಅಂಚಿನಲ್ಲಿ ಒತ್ತಿಕೊಂಡು, "ಸರಿಯಾಗೇ ಹೇಳಿದ್ಯಮ್ಮ ಬಹೀಜಾ. ಕೊನೆ ಬಿಟ್ಟುಕೊಡೋರನ್ನ ನಾವು ಸೇರಿಸ್ಕೊಳಲ್ಲ ಅಂತ ಈ ಗಂಡಸಿಗೆ ಯಾರೂ ಹೇಳೇ ಇಲ್ಲ," ಎಂದಳು. ಬಹೀಜಾ ನಕ್ಕಳು. ನಗು ಒಂದು ಕಡೆಗೆ ವಾಲಿತ್ತು, ಆದರೂ ಅವಳದೇ ನಗು.

ಮಾತೆಲ್ಲ ಒಮ್ಮೆಗೇ ಮರಳಲಿಲ್ಲ. ಒಂದೊಂದಾಗಿ, ಬೇಸಿಗೆಯುದ್ದಕ್ಕೂ ಬಂತು. ಕೆಲವು ಬರಲೇ ಇಲ್ಲ. ಆದರೆ ಆ ರಾತ್ರಿ ಶಾದ್ಲಿ ಹೊಟ್ಟೆತುಂಬ ಉಂಡ, ಹಾಸಿಗೆಗೆ ಬಿದ್ದವನೇ ಗೊರಕೆ ಹೊಡೆದ. ಮರುದಿನದಿಂದ ಉಳಿದ ಪುಟಗಳನ್ನು, ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ಓದಿದ. ಕೊಲೆಗಾರ ಯಾರೆಂಬ ಪುಟ ಬಂದಾಗ ನಿಲ್ಲಿಸಿ ಹೆಂಡತಿಯ ಕಡೆ ನೋಡಿದ.

"ಗೊತ್ತಿತ್ತು," ಎಂದಳು ಬಹೀಜಾ.

ಶಾದ್ಲಿ ಅದನ್ನು ನಂಬಲಿಲ್ಲ. ವಾದಕ್ಕೂ ಇಳಿಯಲಿಲ್ಲ. ಹಯಾತ್‌ಳ ಪ್ರವಾಸಕಥೆ ಓದಿ ಮುಗಿದಿದೆಯೇ ಎಂದು ಕೇಳಿಕೊಂಡು ಬರಲು ಅಂಚೆ ಕಚೇರಿಗೆ ಹೊರಟ.