ನೀರು ಹರಿಯದ ಮೋರಿ

ರೋಲರ್‌ನಿಂದ ಇಳಿದ ಚಾಲಕ ಸಂಘರ್ಷ ಮತ್ತೆ ಹತ್ತಲು ಒಪ್ಪಲಿಲ್ಲ. ನೆತ್ತಿ ಸುಡುವ ಬಿಸಿಲು. ಮಿರಜದ ಪೂರ್ವಕ್ಕೆ, ಲಿಂಗನೂರಿನ ಹೊಲಗಳ ನಡುವೆ, ಹೊಸ ಹೆದ್ದಾರಿಯ ಕೆಂಪು ಗರಸು ಮಣ್ಣು ಕಣ್ಣು ಕುಕ್ಕುವಂತೆ ಚಾಚಿಕೊಂಡಿತ್ತು. ಅದರ ಮೇಲೆ, ರಸ್ತೆಗೆ ಅಡ್ಡವಾಗಿ, ಒಂದರ ಪಕ್ಕ ಒಂದು ದುಂಡನೆಯ ತಗ್ಗುಗಳು. ಎರಡು ಸಲ ಗರಸು ತುಂಬಿ ಒತ್ತಿಸಿಯಾಗಿತ್ತು. ಎರಡು ಸಲವೂ ಅವು ಅಲ್ಲೇ, ಅಷ್ಟೇ ಅಗಲಕ್ಕೆ ಮತ್ತೆ ಬಿದ್ದಿದ್ದವು.

“ಸಾಹೇಬ್ರ, ನಾ ಗಾಡಿ ಒಯ್ಯಾಂಗಿಲ್ರಿ. ಮ್ಯಾಲೆ ಹಾದ್ರ ಕೆಳಗ ಯಾರೋ ಸರದಂಗ ಆಗತೈತಿ,” ಅಂದ ಸಂಘರ್ಷ.

“ಯಾವ ಬ್ರ್ಯಾಂಡ್ ತಗೊಂಡಿದ್ಯೋ ನಿನ್ನೆ?” ಎಂದು ಕಿರಿಯ ಎಂಜಿನಿಯರ್ ಅಭಿಜಿತ ನಕ್ಕ. ಅಜ್ಜಿಯಿಂದ ಕಲಿತ ಅವನ ಕನ್ನಡದಲ್ಲಿ ಅರ್ಧ ಮರಾಠಿಯೇ. “ಸರ್, ಕಾಳಿ ಮಾತಿ, ಎರಿಮಣ್ಣ ಅದ. ಉಬ್ಬತದ, ಇಳೀತದ. ಬ್ಯಾರೆ ಕಾಯ್?”

“ಹಂಗಾದ್ರ ನೀವ ಹತ್ತಿ ಹೊಡೀರಿ ರಾವಸಾಹೇಬ್ರ,” ಎಂದು ಸಂಘರ್ಷ ಬೀಡಿ ಹಚ್ಚಿದ. ಅಭಿಜಿತ ಹತ್ತಲಿಲ್ಲ.

ಹತ್ತಿದವನು ಹಿರಿಯ ಎಂಜಿನಿಯರ್ ಗುರುಸಿದ್ಧಪ್ಪ. ರೋಲರ್‌ನ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ. ಆ ಅಳತೆ ಅವನಿಗೆ ಗೊತ್ತಿತ್ತು. ಅಪ್ಪನನ್ನು ಸಮಾಧಿ ಮಾಡಿದ ದಿನ ಅಂಥದೇ ಕುಣಿಯೊಳಗೆ ಇಳಿದು, ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅಪ್ಪನನ್ನು ಪದ್ಮಾಸನ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಮೇಲೆ ಬಂದಿದ್ದ. ಕುಣಿಯ ಮಣ್ಣು ಗಟ್ಟಿಯಾಗುತ್ತದೆ, ಗೂಡಿನ ಪೊಳ್ಳು ಹಾಗೆಯೇ ಉಳಿಯುತ್ತದೆ.

ಗುರುಸಿದ್ಧಪ್ಪನದು ಸಾಂಗಲಿಯ ಪೇಟೆಯಲ್ಲಿ ಅರಿಸಿನದ ವ್ಯಾಪಾರದ ಮನೆತನ. ಅಣ್ಣಂದಿರು ಅಂಗಡಿಯ ಗಾದಿ ಹಿಡಿದರು, ಇವನು ಸರಕಾರದ ರಸ್ತೆ ಹಿಡಿದ. ತಾನು ನೋಡಿಕೊಂಡ ರಸ್ತೆಯನ್ನು ಗಾಡಿಗಳಿಗೆ ಬಿಡುವ ಮೊದಲು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದು ಅವನ ಅಭ್ಯಾಸ. “ನಮ್ಮ ಎಂಜಿನಿಯರ ರಸ್ತಾಕ್ಕ ಪ್ರದಕ್ಷಿಣಿ ಹಾಕ್ತಾನ,” ಎಂದು ಅಣ್ಣಂದಿರು ಚೇಷ್ಟೆ ಮಾಡುವರು. ಕಾಗದ ಹೇಳದ್ದನ್ನು ಅಂಗಾಲು ಹೇಳುತ್ತದೆ ಎಂಬುದು ಅವನ ನಂಬಿಕೆ.

ಮುಂದಿನ ವಾರ ಹಳೆಯ ರಸ್ತೆ ಮುಚ್ಚಿ, ಕಬ್ಬಿನ ಟ್ರ್ಯಾಲಿ, ಬಸ್ಸು ಎಲ್ಲವನ್ನೂ ಇದರ ಮೇಲೆ ಬಿಡಬೇಕಿತ್ತು. ತುಂಬಿದ ಬಸ್ಸಿನ ಗಾಲಿಯಡಿ ಒಂದು ಗೂಡು ಕುಸಿದರೂ ಸಾಕು. ಕೆಳಗೆ ಎಷ್ಟು ಮಂದಿ, ಎಲ್ಲೆಲ್ಲಿದ್ದಾರೆ ಎಂಬುದು ಅವನಿಗೆ ಅಂದೇ ಗೊತ್ತಾಗಬೇಕಿತ್ತು.

ಈ ಹೊಲವನ್ನು ರಸ್ತೆಗೆ ಬಿಟ್ಟುಕೊಟ್ಟ ರಾಯವ್ವನ ಮನೆ ರಸ್ತೆಯಂಚಿಗೇ ಇತ್ತು. ಮುದುಕಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಲ್ಲೇ ಇದ್ದ ಚಪ್ಪಡಿ ತೋರಿಸಿ, “ಕುಂದ್ರಿ,” ಅಂದಳು.

“ಯವ್ವಾ, ನಿಮ್ಮ ಹೊಲದಾಗ ಗದ್ದಿಗಿ ಇದ್ದೂವೇನು?”

“ಇಲ್ಲರಿ ಸಾಹೇಬ. ಏನೂ ಇದ್ದಿಲ್ಲ.” ಮೊರ ನಿಲ್ಲಲಿಲ್ಲ.

ಗುರುಸಿದ್ಧಪ್ಪ ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗದ ದಾರ ಹೊರಗೆ ತೆಗೆದ. ಮೊರ ನಿಂತಿತು.

“ನಮ್ಮವನಽ ಅಂತ ಮೊದಲ ಯಾಕ ಹೇಳಲಿಲ್ಲೋ ತಮ್ಮಾ?” ಅವಳ ದನಿ ಸಣ್ಣದಾಯಿತು. “ಅಳತಿ ಮಾಡಾಕ ಬರೋರು ಸಮಾಧಿ ಕಂಡ್ರ ಕಿತ್ತ ಬ್ಯಾರೆ ಕಡೆ ಇಡ್ತಾರ ಅಂದ್ರು. ಕುಂತವರ್ನ ಎಬ್ಬಸ್ತಾರೇನು ಯಾರರೆ? ಅದಕ್ಕ ಅವರು ಬರೂ ಮೊದಲ ಮ್ಯಾಲಿನ ಕಲ್ಲೆಲ್ಲಾ ನಾನಽ ಕಿತ್ತ ತಂದೆ. ರಸ್ತಾ ಮ್ಯಾಲೆ ಹೋಗ್ಲಿ, ಅವರು ಕೆಳಗ ಇರ್ಲಿ ಅಂತ.”

“ಕಲ್ಲು ಎಲ್ಲಿ ಇಟ್ಟೀರಿ?”

“ಒಂದರ ಮ್ಯಾಲೆ ನೀ ಕುಂತಿ.”

ಅವನು ಎದ್ದ. ಅಂಗಳದ ಚಪ್ಪಡಿಗಳೆಲ್ಲ ಮುಖ ಕೆಳಗೆ ಮಾಡಿ ಮಲಗಿದ್ದವು.

“ಯಾರನ್ನೂ ಎಬ್ಬಸಾಂಗಿಲ್ಲ, ಯವ್ವಾ. ಎಷ್ಟ ಮಂದಿ ಅಂತ ಖರೇ ಹೇಳ್ರಿ. ಇಲ್ಲಾಂದ್ರ ಮ್ಯಾಲಿನವರು ಸಾಯ್ತಾರ.”

ಅವಳು ಬೆರಳು ಮಡಿಚುತ್ತ ಹೇಳಿದಳು: ಮಾವ, ಅತ್ತೆ, ಮೈದುನ, ಮಾತು ಬರುವ ಮೊದಲೇ ಹೋದ ಮಗಳು, ಕೊನೆಗೆ ಗಂಡ. ಐವರು.

ರಸ್ತೆಯ ಮೇಲೆ ತಗ್ಗುಗಳು ಆರು ಇದ್ದವು. ಗಂಡನದರ ಈಚೆಗೆ, ಅವಳ ಮನೆಯ ಕಡೆ, ಇನ್ನೊಂದು.

“ಅಲ್ಲಿ ಯಾರೂ ಇಲ್ಲ,” ಅಂದಳು ರಾಯವ್ವ. “ಗುದ್ದಲಿ ಸೈತ ಬಿದ್ದಿಲ್ಲ. ಅದು ನನ್ನ ಜಾಗಾ. ಇಲ್ಲಿ ನೀನು ಅಂತ ನಮ್ಮನಿಯವರು ಬದುಕಿದ್ದಾಗ ಕೋಲಿಲೆ ತೋರಿಸಿದ್ರು, ಅಷ್ಟಽ.”

ಯಾರೂ ಇಲ್ಲದ್ದನ್ನು ಅಗೆಯಲು ಅಡ್ಡಿಯಿರಲಿಲ್ಲ. ಜೆಸಿಬಿ ಗರಸು ಸರಿಸಿತು. ಕೆಳಗೆ ಎರೆಮಣ್ಣು. ಗುರುಸಿದ್ಧಪ್ಪ ಯಂತ್ರ ನಿಲ್ಲಿಸಿ ಸಲಿಕೆ ತಾನೇ ಹಿಡಿದ. ಮಣ್ಣು ಎಂದೂ ಅಲುಗಾಡದ್ದು; ಪದರ ಪದರವಾಗಿ, ಹುಲ್ಲಿನ ಹಳೆಯ ಬೇರುಗಳ ಸಮೇತ, ಹಾಗೆಯೇ ಇತ್ತು. ಎದೆಯುದ್ದ ಇಳಿದಾಗ ಸಲಿಕೆ ಪಕ್ಕಕ್ಕೆ ಜಾರಿ ಪೊಳ್ಳಿನೊಳಗೆ ಹೊಕ್ಕಿತು.

ಗೂಡು. ಒಬ್ಬರು ಕಾಲು ಮಡಿಚಿ ಕೂರುವಷ್ಟು. ಗೋಡೆಯ ಮೇಲೆ ಹಾರೆಯ ಗುರುತಿಲ್ಲ, ಇಲಿಯ ಉಗುರಿನದೂ ಇಲ್ಲ. ಅವನು ಒಳಗೆ ಕೈ ಚಾಚಿ ನೆಲ ಮುಟ್ಟಿದ. ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಚಾಪೆಯ ಹಾಗೆ.

“ಸರ್, ವರ ಯಾ,” ಮೇಲಿನಿಂದ ಅಭಿಜಿತ ಕರೆದ. ಅವನ ದನಿಯಲ್ಲಿ ನಗೆ ಇರಲಿಲ್ಲ. “ಮ್ಯಾಲೆ ಬರ್ರಿ ಸರ್, ಪ್ಲೀಜ್.”

ರಾಯವ್ವ ಕೋಲೂರಿಕೊಂಡು ಬಂದು ಕುಣಿಯೊಳಗೆ ಬಗ್ಗಿ ನೋಡಿದಳು. ಹೆದರಲಿಲ್ಲ, ಹುಬ್ಬು ಗಂಟಿಕ್ಕಿದಳು.

“ಮೊದಲಿಂದನೂ ನಮ್ಮನಿಯವರಿಗಿ ಭಾಳ ಅವಸರ. ಅನ್ನ ಬೇಯೂ ತನಕ ತಡ್ಕೊಂಡವರಲ್ಲ.”

ಅಭಿಜಿತನ ಪ್ರಕಾರ ದಾರಿ ಸರಳವಿತ್ತು. ತೂತು ಕೊರೆದು ಆರೂ ಪೊಳ್ಳುಗಳಿಗೆ ಸಿಮೆಂಟು ಸುರಿದುಬಿಡುವುದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಪ್ಪನ ಮಡಿಚಿದ ಕಾಲು ಮುಳುಗಿಸಿ, ಎದೆಗೇರಿ, ಲಿಂಗ ಹಿಡಿದ ಅಂಗೈ ತುಂಬುವ ಬೂದು ನೀರು ಗುರುಸಿದ್ಧಪ್ಪನ ಕಣ್ಣಿಗೆ ಕಟ್ಟಿತು. ಅವನು ಬೇಡವೆಂದ. ಸಾಲಿನ ಎರಡೂ ಮಗ್ಗುಲಿಗೆ ಗೋಡೆ ಎಬ್ಬಿಸಿ, ಮೇಲೆ ಕಾಂಕ್ರೀಟಿನ ಹಲಗೆ ಹಾಸಿ, ರಸ್ತೆಯ ಭಾರವೆಲ್ಲ ಗೋಡೆಗೇ ಇಳಿಯುವಂತೆ ಮಾಡುವುದೆಂದು ತೀರ್ಮಾನಿಸಿದ. ಒಂದು ಮೋರಿ. ರಸ್ತೆ ಬಿಡುವ ದಿನ ಮುಂದೆ ಹೋಯಿತು. ಮೇಲಧಿಕಾರಿ ಫೋನಿನಲ್ಲಿ ಕೂಗಾಡಿದರು. ನೆಲ ಪೊಳ್ಳಾಗಿದೆ ಎಂದಷ್ಟೇ ಇವನು ಹೇಳಿದ.

ಹಲಗೆ ಐವರ ತನಕ ಬಂದರೆ ಸಾಕಿತ್ತು. ಆರನೆಯದು ಬರಿದು, ಅದಕ್ಕೆ ಗರಸು ತುಂಬಿಸಿದರು. ಬೆಳಗಾಗುವಷ್ಟರಲ್ಲಿ ತಗ್ಗು. ಕಲ್ಲು ತುಂಬಿಸಿದರು. ಮತ್ತೆ ತಗ್ಗು, ಹಾಕಿದ ಕಲ್ಲು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಗುರುಸಿದ್ಧಪ್ಪ ಹಲಗೆಯನ್ನು ರಾಯವ್ವನ ಮನೆಯ ಕಡೆಗೆ ಇನ್ನೊಂದು ಗೂಡಿನಷ್ಟು ಬೆಳೆಸಿದ. ಆಮೇಲೆ ನೆಲ ಅಲುಗಲಿಲ್ಲ.

“ಸರ್, ಈ ಬಾಜೂಚಾ ಬಾಯಿ ಬಂದ ಮಾಡೂನು?” ಅಭಿಜಿತ ಕೇಳಿದ. ಆಚೆ ತುದಿಯನ್ನು ಕಲ್ಲಿನಿಂದ ಕಟ್ಟಿಯಾಗಿತ್ತು. ಈಚೆ ಉಳಿದದ್ದು ಒಬ್ಬರು ಬಗ್ಗಿ ಹೋಗುವಷ್ಟು ಬಾಯಿ. “ನೀರ ಅಂತೂ ಬರೂದಿಲ್ಲ.”

“ಇರ್ಲಿ ಬಿಡು. ಮೋರಿಗಿ ಬಾಯಿ ಬೇಕು.”

ರಸ್ತೆ ಬಿಡುವ ಮೊದಲು ಅವನು ಬರಿಗಾಲಲ್ಲಿ ನಡೆದ. ಮೋರಿಯ ಮೇಲೆ ಬಂದಾಗ ಡಾಂಬರಿನ ಬಿಸಿ ಇದ್ದಕ್ಕಿದ್ದಂತೆ ಆರಿ, ಅಂಗಾಲಿಗೆ ತಂಪು ತಾಗಿತು. ನಿಲ್ಲದೆ ದಾಟಿದ.

ಮೊದಲ ಬಸ್ಸು ತುಂಬಿಕೊಂಡೇ ಬಂತು. ಹಲಗೆ ಅಲುಗಲಿಲ್ಲ, ಕೆಳಗಿನಿಂದ ಗುಡುಗಿನಂಥ ಸದ್ದು ಮಾತ್ರ ಎದ್ದಿತು. ಕಿಟಕಿಯೊಳಗಿನ ಒಂದು ಮಗು ಕಿವಿ ಮುಚ್ಚಿಕೊಂಡಿತು. ಬಸ್ಸು ಮಿರಜದ ಕಡೆಗೆ ಹೋಯಿತು.

ರಾಯವ್ವ ಮೋರಿಯ ಬಾಯಲ್ಲಿ ತಲೆ ಇಳಿಸಿ ಕುಕ್ಕರಗಾಲಲ್ಲಿ ಕೂತಿದ್ದಳು. ತುಟಿಗಳು ಆಡುತ್ತಿದ್ದವು. ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

“ಏನಂತಾರ ಯವ್ವಾ?” ತಮಾಷೆಗೆಂದು ಕೇಳಿದರೂ ಅವನ ದನಿ ತಮಾಷೆಯಾಗಿ ಬರಲಿಲ್ಲ.

“ಸದ್ದು ಭಾಳ ಆತು ಅಂತಾರ. ರೂಢಿ ಆಕ್ಕೈತಿ ತಡ್ರಿ ಅಂದೆ.”

ದೂರದಲ್ಲಿ ಕಬ್ಬಿನ ಟ್ರ್ಯಾಲಿಯೊಂದು ಓಲಾಡುತ್ತ ಬರುತ್ತಿತ್ತು. ಗುರುಸಿದ್ಧಪ್ಪ ರಸ್ತೆಯ ನಡುವಿಗೆ ಹೋಗಿ, ಎರಡೂ ಕೈ ಎತ್ತಿ, ನಿಧಾನವಾಗಿ ದಾಟೆಂದು ಸನ್ನೆ ಮಾಡಿದ.