ಬಟ್ಟೆಚೀಲಗಳ ನಡುವೆ ಅಮ್ಮ

ನನ್ನ ನೆನಪಿನಲ್ಲಿ ಅಮ್ಮ ಒಂದು ಸಲ ಪೂರ್ತಿ ಬಿಳಿಯಾಗಿದ್ದಾಳೆ. ಕೂದಲು, ಹುಬ್ಬು, ಕಣ್ಣಿನ ರೆಪ್ಪೆ, ಸೀರೆಯ ನೆರಿಗೆ ಎಲ್ಲವೂ ಬಿಳಿ. ಸುತ್ತಲೂ ಆಳೆತ್ತರದ ಬಟ್ಟೆಚೀಲಗಳು ತೂಗಾಡುತ್ತಿವೆ. ಅವು ಉಸಿರಾಡುವ ಹಾಗೆ ಉಬ್ಬುತ್ತವೆ, ಇಳಿಯುತ್ತವೆ. ಅವುಗಳ ನೆರಳು ಅಮ್ಮನ ಮೈಮೇಲೆ ಹರಿದಾಡುತ್ತದೆ. ಅಮ್ಮ ನನ್ನ ಕಡೆ ತಿರುಗಿ ನಗುತ್ತಾಳೆ. ಅಷ್ಟು ಬಿಳುಪಿನಲ್ಲಿ ಬಾಯೊಂದು ಮಾತ್ರ ಕೆಂಪಗೆ ಕಾಣುತ್ತದೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಚಿತ್ರ ಅಲ್ಲಿಗೆ ನಿಲ್ಲುತ್ತದೆ, ಸದ್ದೂ ಇಲ್ಲ.

ಇಷ್ಟು ವರ್ಷ ಅದು ಯಾವ ಕೆಲಸಕ್ಕೂ ಬಾರದ ಚಿತ್ರವಾಗಿತ್ತು. ಮಾಗಡಿ ರಸ್ತೆಯ ಮೇಲೆ ಮೆಟ್ರೋದಲ್ಲಿ ಹೋಗುವಾಗ, ಕಿಟಕಿಯಾಚೆ ಶೀಟಿನ ಮಾಡುಗಳು ಹಿಂದೆ ಸರಿಯುವಾಗ, ತಾನಾಗಿ ಬಂದು ಹೋಗುತ್ತಿತ್ತು. ಹೋದ ಚಳಿಗಾಲದಲ್ಲಿ ಅಮ್ಮನ ಕೆಮ್ಮು ನಿಲ್ಲದೇ ಹೋದಾಗ ಮಾತ್ರ, ಆ ಚಿತ್ರ ನಿಜವೋ ಸುಳ್ಳೋ ಎಂದು ತಿಳಿಯಲೇಬೇಕಾಯಿತು.

ಶ್ವಾಸಕೋಶದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನಿನ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದರು: "ಅಮ್ಮಾ, ಕಲ್ಲಿನ ಪುಡಿ, ಸಿಮೆಂಟು, ಇಂಥ ಧೂಳಲ್ಲಿ ಯಾವಾಗ್ಲಾದ್ರೂ ಇದ್ರಾ?"

"ಇಲ್ಲಮ್ಮ. ನಾನು ಮನೇಲಿದ್ದೋಳು," ಎಂದಳು ಅಮ್ಮ.

ನಾನು ನಡುವೆ ಬಾಯಿ ಹಾಕಿದೆ. "ನಮ್ಮಪ್ಪಂದು ಕಾಮಾಕ್ಷಿಪಾಳ್ಯದಲ್ಲಿ ಪೌಡರ್ ಮಿಲ್ ಇತ್ತು."

"ಮಿಲ್ ಇತ್ತು. ನಾನು ಒಂದು ದಿನಾನೂ ಅದರೊಳಗೆ ಕಾಲಿಟ್ಟಿಲ್ಲ," ಎಂದು ಅಮ್ಮ ನನ್ನ ಕಡೆ ನೋಡದೆಯೇ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಧೂಳು ಕುಡಿದದ್ದು ನಿಜವಾದರೆ ಸ್ಕ್ಯಾನಿನಲ್ಲಿ ಕಾಣುವ ಕಲೆಗಳಿಗೆ ಒಂದು ಅರ್ಥ ಸಿಗುತ್ತದೆ, ಆಗ ಕಾದು ನೋಡಬಹುದು. ಇಲ್ಲದಿದ್ದರೆ ಶ್ವಾಸಕೋಶದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದು ಸುಲಭವಲ್ಲ ಎಂದು ವಿವರಿಸಿದರು. "ಮನೇಲಿ ಕೂತು ಯೋಚನೆ ಮಾಡಿ. ಮುಂದಿನ ವಾರ ಬನ್ನಿ."

ಆಟೋದಲ್ಲಿ ಬಸವೇಶ್ವರನಗರದ ಮನೆಗೆ ವಾಪಸಾಗುವಾಗ ಅಮ್ಮ ಕೇಳಿದ್ದು ಒಂದೇ ಮಾತು. "ಚೂರು ಅಂದ್ರೆ ಎಷ್ಟು ದೊಡ್ಡದಂತೋ?"

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದು, ಆ ಸಾಕ್ಷಿಗೆ ಏನಾದರೂ ಬೇಕಾಗಿದ್ದರಂತೂ ನಂಬಲೇಬಾರದು ಎಂದು ಕಲಿತವನು. ಇಲ್ಲಿ ಸಾಕ್ಷಿ ನಾನೇ, ಬೇಕಾದದ್ದೂ ನನಗೇ. ಅಮ್ಮನ ಎದೆಗೆ ಸೂಜಿ ಚುಚ್ಚುವುದು ತಪ್ಪಲಿ ಎಂಬ ಆಸೆ ಹುಟ್ಟಿದ ಗಳಿಗೆಯಿಂದ ಆ ಬಿಳಿ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತಾ ಹೋಯಿತು. ಅದೇ ನನಗೆ ಅನುಮಾನ.

ಅಪ್ಪನ ಮಿಲ್ಲಿನಲ್ಲಿ ಬಳಪದ ಕಲ್ಲನ್ನು ಪುಡಿ ಮಾಡುತ್ತಿದ್ದರು. ಲಾರಿಯಲ್ಲಿ ಬರುತ್ತಿದ್ದ ಬೂದುಬಣ್ಣದ ಗಡ್ಡೆಗಳು ಮುಟ್ಟಿದರೆ ಸೋಪಿನ ಹಾಗೆ ಜಾರುತ್ತಿದ್ದವು. ಯಂತ್ರದ ಒಳಗೆ ಅವು ನುರಿದು ನುರಿದು, ಕೊನೆಗೆ ಕಲ್ಲು ಎಂಬ ತೂಕವನ್ನೇ ಮರೆತು ಗಾಳಿಯಲ್ಲಿ ಏಳುತ್ತಿದ್ದವು. ಹಾಗೆ ಎದ್ದ ಪುಡಿಯನ್ನು ದೊಡ್ಡ ಫ್ಯಾನು ಕೋರಾ ಬಟ್ಟೆಯ ಉದ್ದ ಚೀಲಗಳೊಳಕ್ಕೆ ಊದುತ್ತಿತ್ತು. ಗಾಳಿ ಬಟ್ಟೆಯಿಂದ ಸೋಸಿ ಹೊರಗೆ ಹೋಗುತ್ತಿತ್ತು, ಪುಡಿ ಒಳಗೇ ಉಳಿಯುತ್ತಿತ್ತು. ಅದು ಬಣ್ಣದ ಕಂಪನಿಗಳಿಗೆ ಹೋಗುತ್ತಿತ್ತು. ಬಣ್ಣಕ್ಕೆ ಮೈ ಕೊಡುವುದು ಈ ಪುಡಿಯೇ. "ಗೋಡೆಗೆ ಬಣ್ಣ ಹೊಡೆದ್ವಿ ಅಂತಾರೆ. ಅರ್ಧ ನನ್ನ ಕಲ್ಲನ್ನೇ ಹೊಡೆದಿರ್ತಾರೆ," ಎಂದು ಅಪ್ಪ ನಗುತ್ತಿದ್ದರು. ಪುಡಿ ಸರಿಯಾಗಿದೆಯೇ ಎಂದು ನೋಡಲು ಚಿಟಿಕೆ ತೆಗೆದು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಡಿಯುತ್ತಿದ್ದರು. ಕರಕರ ಎಂದರೆ ಮತ್ತೆ ಯಂತ್ರಕ್ಕೆ.

ಕೆಂಗೇರಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಆ ಚಿತ್ರದ ವಿಷಯ ಹೇಳಿದೆ. ಅವಳು ನನಗಿಂತ ದೊಡ್ಡವಳು. ಅವಳ ನೆನಪು ನನ್ನದಕ್ಕಿಂತ ಗಟ್ಟಿ ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು.

"ಅಮ್ಮ ಮಿಲ್ಲಿಗಾ? ನಿನಗೇನು ಹುಚ್ಚಾ? ಹೆಂಗಸರನ್ನ ಅಪ್ಪ ಆ ಗೇಟು ದಾಟಕ್ಕೇ ಬಿಡ್ತಿರ್ಲಿಲ್ಲ ಕಣೋ."

"ಮತ್ತೆ ಬೆಳ್ಳಗಿದ್ದಿದ್ದು?"

"ಅದು ರಂಗೋಲಿ ದಿನ. ಮರೆತ್ಯಾ?"

ಮರೆತಿರಲಿಲ್ಲ. ರಂಗೋಲಿ ಪುಡಿ ಮುಗಿದುಹೋದ ಒಂದು ಹಬ್ಬದ ಬೆಳಿಗ್ಗೆ, ಅಂಗಡಿಗೆ ಯಾಕೆ, ನಮ್ಮದೇ ಇದೆಯಲ್ಲ ಎಂದು ಅಪ್ಪ ಮಿಲ್ಲಿನ ಪುಡಿಯನ್ನೇ ತಂದುಕೊಟ್ಟಿದ್ದರು. ಬಣ್ಣಕ್ಕಾಗಿ ಅರೆದ ಆ ಪುಡಿ ಬೆರಳುಗಳ ನಡುವಿನಿಂದ ಎಳೆಯಾಗಿ ಇಳಿಯಲೇ ಇಲ್ಲ. ಅಮ್ಮನ ಕೈಗೆ ಹಿಟ್ಟಿನಂತೆ ಅಂಟಿಕೊಂಡಿತು, ಉಳಿದದ್ದು ಹೊಗೆಯಾಗಿ ಹಾರಿತು. ರಂಗೋಲಿಗೆ ತರಿ ಇರಬೇಕು, ನುಣುಪಲ್ಲ. ಬೀದಿಯವರೆಲ್ಲ ನಕ್ಕಿದ್ದರು.

"ಆವತ್ತು ಅಮ್ಮನ ಮುಖ ನೋಡ್ಬೇಕಿತ್ತು! ಅದಕ್ಕೇ ನೀನು ಮಿಲ್ಲು, ಚೀಲ ಎಲ್ಲಾ ಸೇರಿಸ್ಕೊಂಡಿದೀಯ. ಇತಿಹಾಸ ಅಂತೆ, ಇತಿಹಾಸ! ಡಾಕ್ಟರ್ ಹತ್ರ ಏನೇನೋ ಹೇಳ್ಬೇಡಪ್ಪ."

ಅಕ್ಕನ ವಾದ ಚೆನ್ನಾಗಿತ್ತು. ಬಣ್ಣಕ್ಕೆ ಬೆರೆಸುವ ಹಾಗೆ ನೆನಪಿಗೂ ಯಾರೋ ಪುಡಿ ಬೆರೆಸಿ ಮೈ ಕೊಟ್ಟಿರಬಹುದು ಎನ್ನಿಸಿತು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಮಾರನೆಯ ಮಧ್ಯಾಹ್ನ ಕಾಮಾಕ್ಷಿಪಾಳ್ಯಕ್ಕೆ ಹೋದೆ.

ಅಪ್ಪ ತೀರಿಕೊಳ್ಳುವ ಮೊದಲೇ ಮಿಲ್ಲನ್ನು ಮಾರಿದ್ದರು. ಅದೇ ಶೆಡ್ಡಿನಲ್ಲಿ ಈಗ ಬೇರೊಬ್ಬರು ಅದೇ ಕೆಲಸ ನಡೆಸುತ್ತಿದ್ದಾರೆ. ಯಂತ್ರ ಮಾತ್ರ ಹೊಸದು. ಮಾಲೀಕ ಮೂವತ್ತರ ಆಸುಪಾಸಿನವನು. "ಬನ್ನಿ ಸಾರ್, ನಿಮ್ಮದೇ ಜಾಗ ಅಂದ್ಕೊಳಿ," ಎಂದು ಮಾಸ್ಕ್ ಕೊಟ್ಟ. ಒಳಗೆ ಹೋದೆ. ಚೀಲಗಳು ಇದ್ದವು, ನೆನಪಿನ ಹಾಗೆಯೇ ಉಬ್ಬಿಕೊಂಡು ನಡುಗುತ್ತಿದ್ದವು. ಎಲ್ಲವೂ ಮಂಜಿನೊಳಗಿನ ಊರಿನಂತೆ, ದೂರ ಹತ್ತಿರ ಗೊತ್ತಾಗದಂತೆ ತೇಲುತ್ತಿತ್ತು. ಟ್ಯೂಬ್‌ಲೈಟಿನ ಬೆಳಕು ಧೂಳಿನಲ್ಲಿ ಕರಗಿ ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತಿತ್ತು. ನನ್ನ ಕೈಯನ್ನು ಚಾಚಿ ನೋಡಿಕೊಂಡೆ. ಕೆಳಗೆ ನೆಲದಲ್ಲಿ ಏನೂ ಇರಲಿಲ್ಲ.

ಅಲ್ಲಿ ನೆರಳೇ ಬೀಳುತ್ತಿರಲಿಲ್ಲ.

ನನ್ನ ಚಿತ್ರದಲ್ಲಿ ಅಮ್ಮನ ಮೈಮೇಲೆ ನೆರಳು ಹರಿದಾಡುತ್ತದೆ. ಹಾಗಾದರೆ ಅದು ಈ ಜಾಗವಲ್ಲ. ಅಮ್ಮನೂ ಅಕ್ಕನೂ ಹೇಳಿದ್ದು ಸರಿ, ನಾನು ಕಂಡದ್ದು ಕನಸು. ಹೊರಗೆ ಬಂದು ಮಾಸ್ಕ್ ತೆಗೆದೆ. ಗೆದ್ದ ಹಾಗೂ ಅನ್ನಿಸಲಿಲ್ಲ, ಸೋತ ಹಾಗೂ ಅನ್ನಿಸಲಿಲ್ಲ.

ಮಾತಿಗೆ ಮಾತು ಎಂದು ಮಾಲೀಕನನ್ನು ಕೇಳಿದೆ. "ಚೀಲ ಎಲ್ಲಾ ಹೊಸದಾ?"

"ಎಲ್ಲಿ ಹೊಸದು ಸಾರ್! ಬಟ್ಟೆ ಕಣ್ಣು ಮುಚ್ಕೊಂಡ್ಬಿಟ್ರೆ ಗಾಳಿ ಹೋಗಲ್ಲ. ಬಿಚ್ಚಿ ಬಡೀಬೇಕು. ಇಲ್ಲಿ ಬಡಿದ್ರೆ ಪಕ್ಕದ ಗಾರ್ಮೆಂಟ್ಸ್‌ನೋರು ನನ್ನನ್ನೇ ಬಡೀತಾರೆ. ಹೊರಗಡೆ ಕಳಿಸ್ತೀನಿ."

ಅಪ್ಪ ಎಲ್ಲಿಗೆ ಕಳಿಸುತ್ತಿದ್ದರು? ದಾರಿಯುದ್ದಕ್ಕೂ ಆ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಯೋಚಿಸಿದೆ. ಉತ್ತರವನ್ನು ನಾನೇ ಅಮ್ಮನ ಬಾಯಿಗೆ ತುರುಕಬಾರದು.

ಅಮ್ಮ ಅಡಿಗೆಮನೆಯ ನೆಲದಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಹಸಿರು ಬೇಳೆ ಒಂದು ಕಡೆ ಚಿಮ್ಮುತ್ತಿತ್ತು. ನಾನೂ ಎದುರು ಕೂತು ಹಿಚುಕತೊಡಗಿದೆ.

"ಅಮ್ಮ, ಮಿಲ್ಲಿನ ಬಟ್ಟೆಚೀಲ ಎಲ್ಲಿ ತೊಳೀತಿದ್ರು?"

"ತೊಳೀತಾರೇನೋ ಅದನ್ನ? ತೊಳೆದ್ರೆ ಬಟ್ಟೆ ಕುಗ್ಗಿ ಹೋಗತ್ತೆ. ಬಡೀಬೇಕು."

"ಎಲ್ಲಿ?"

"ಇಲ್ಲೇ. ಮೇಲೆ, ಟೆರೇಸಲ್ಲಿ. ಮಿಲ್ಲಿಗೆ ರಜಾ ಇದ್ದಾಗ ನಿಮ್ಮಪ್ಪ ಸ್ಕೂಟರ್ ಮೇಲೆ ಗಂಟು ಹಾಕ್ಕೊಂಡು ಬರೋರು. ತಂತಿಗೆ ನೇತು ಹಾಕಿ ಕೋಲಲ್ಲಿ ಬಡೀತಿದ್ದೆ. ಹರಿದಿದ್ರೆ ಮಿಷನ್‌ನಲ್ಲಿ ಹೊಲೀತಿದ್ದೆ. ನೀನು ಮೆಟ್ಟಿಲ ಹತ್ರ ನಿಂತ್ಕೊಂಡು, ಭೂತ ಭೂತ ಅಂತ ಅಳ್ತಿದ್ದೆ. ನಾನು ನಕ್ಕು ಹಲ್ಲು ತೋರಿಸಿದ್ಮೇಲೆ ಸುಮ್ಮನಾಗ್ತಿದ್ದೆ. ಅಕ್ಕ ಎಲ್ಲಿ ನೋಡಿರ್ತಾಳೆ? ಅವಳಿಗೆ ಆವಾಗ ಭರತನಾಟ್ಯದ ಕ್ಲಾಸು."

ನನ್ನ ಬೆರಳಿನ ಕಾಳು ಜಾರಿ ಎಲ್ಲೋ ಹೋಯಿತು. ಬಿಸಿಲು, ಗಾಳಿ, ನೆರಳು, ಕೆಂಪು ಬಾಯಿ ಎಲ್ಲವೂ ಒಮ್ಮೆಗೇ ನಮ್ಮ ತಲೆಯ ಮೇಲಿನ ಟೆರೇಸಿಗೆ ಬಂದು ಕೂತವು.

"ಡಾಕ್ಟರ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಅವರು ಮಿಲ್ಲು, ಸಿಮೆಂಟು ಅಂತ ಕೇಳಿದ್ರು. ಇದು ಮನೆ ಕೆಲಸ ಅಲ್ವೇನೋ? ಹೊದಿಕೆ ಕೊಡವಲ್ವಾ, ಚಾಪೆ ಬಡಿಯಲ್ವಾ, ಹಂಗೆ."

ನಾನು ಧೂಳಿನ ವಿಷಯ ಬಿಡಿಸಿ ಹೇಳಿದೆ. ಅಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಬಟ್ಟಲು ತುಂಬಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಹೇಳಿದ್ರೆ ನಿಮ್ಮಪ್ಪನ ಮೇಲೆ ಬರತ್ತಲ್ವೇನೋ?"

ಅಮ್ಮ ಬೇಳೆ ತೊಳೆಯಲು ಎದ್ದಳು.

ಮುಂದಿನ ವಾರ ಡಾಕ್ಟರ ಎದುರು ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಾನೇ ಶುರು ಮಾಡಿದಳು. ಚೀಲ, ತಂತಿ, ಕೋಲು ಎಲ್ಲ ಹೇಳಿದಳು. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಿರಾ ಎಂದು ಡಾಕ್ಟರು ಕೇಳಿದರು. "ಸೆಕೆ ಆಗ್ತಿತ್ತು ಕಣಮ್ಮ, ಬಿಚ್ಚಾಕ್ತಿದ್ದೆ," ಎಂದಳು. ಡಾಕ್ಟರು ಬರೆದುಕೊಂಡರು. ಸ್ಕ್ಯಾನನ್ನು ಮತ್ತೊಮ್ಮೆ ತಿರುವಿ, ಈಗ ಚೂರು ತೆಗೆಯುವುದು ಬೇಡ, ಕೆಲವು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ ಎಂದರು. ಕೆಮ್ಮು ಪೂರ್ತಿ ಹೋಗುವುದಿಲ್ಲ, ಆದರೆ ಇದರೊಂದಿಗೆ ಇರಬಹುದು ಎಂದರು.

ಏಳುವಾಗ ಅಮ್ಮ ಮೇಜಿನ ಅಂಚು ಹಿಡಿದು ನಿಂತಳು.

"ನಮ್ಮನೆಯೋರು ಬೇಡ ಬೇಡ ಅಂತಾನೇ ಹೇಳ್ತಿದ್ರು, ಡಾಕ್ಟ್ರೇ. ನಾನೇ ಕೇಳ್ತಿರ್ಲಿಲ್ಲ."

ಇದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಸ್ಕೂಟರಿನ ಮೇಲೆ ಗಂಟು ತರುತ್ತಿದ್ದವರು ಬೇಡ ಎನ್ನುತ್ತಿದ್ದರೇ? ಅಕ್ಕನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅಮ್ಮನ ಕೈ ಹಿಡಿದು ಲಿಫ್ಟಿನ ಕಡೆ ನಡೆದೆ.