ಖಾಲಿ ಕೈಯಲ್ಲಿ ಕಂಡ ಬಂದೂಕು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕೂತರೆ, ಆಗ ಕರೆಂಟ್ ಇತ್ತೋ ಇಲ್ಲವೋ ಎಂದು ನಾನು ಮೊದಲು ಕೇಳುತ್ತಿದ್ದೆ. ನನ್ನ ಹೊಟ್ಟೆಪಾಡೇ ಅಂಥದ್ದು. ರಬಕವಿ, ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಮೀಟರ್ ತಪಾಸಣೆ ಮಾಡುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮೀಟರಿನ ಸೀಲು ಸರಿಯಿದ್ದರೂ ಮಾಲಕನ ಮುಖ ಸರಿ ಕಾಣದಿದ್ದರೆ ಇನ್ನೊಮ್ಮೆ ನೋಡುತ್ತಿದ್ದೆ. ದೆವ್ವ, ಪವಾಡ, ಕನಸಿನಲ್ಲಿ ಬಂದು ಹೇಳಿದ್ದು, ಇವೆಲ್ಲದರ ಹಿಂದೆ ಎಲ್ಲೋ ಒಂದು ಕಳ್ಳ ವೈರು ಎಳೆದೇ ಇರುತ್ತಾರೆ ಎಂಬುದು ನನ್ನ ನಂಬಿಕೆ. ದೇವರೇ ಬಂದು ನಿಂತರೂ ಇವರು ಆಧಾರ್ ಕಾರ್ಡ್ ಕೇಳುತ್ತಾರೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಕೇಳಿದರೆ ತಪ್ಪೇನು?

ಆದರೆ ಈಗ ಹೇಳುವ ಸಂಗತಿಯಲ್ಲಿ ಆ ವೈರು ನನಗೆ ಸಿಕ್ಕಿಲ್ಲ. ಹುಡುಕುವುದರಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಓದುವ ನೀವೂ ನನ್ನ ಮೇಲೆ ಸಂಶಯ ಇಟ್ಟುಕೊಂಡೇ ಓದಿ, ನನಗೆ ಬೇಜಾರಿಲ್ಲ.

ನನ್ನ ಅಕ್ಕ ಪದ್ಮಾವತಿ ಇರುವುದು ತೇರದಾಳದಲ್ಲಿ. ಶಾಲೆಯಲ್ಲಿ ಟೀಚರ್ ಆಗಿದ್ದಳು. ಭಾವ ಬೇಗ ತೀರಿಕೊಂಡರು. ಇರುವವನು ಒಬ್ಬನೇ ಮಗ, ಸನ್ಮತಿ. ನಾವು ಜೈನರು. ನೀರು ಸೋಸಿ ಕುಡಿಯುವ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆತನ. ಅಂಥ ಮನೆಯ ಹುಡುಗ, ಮುಧೋಳದಲ್ಲಿ ಮಿಲಿಟರಿ ಭರ್ತಿ ನಡೆದಾಗ ಗೆಳೆಯರ ಜೊತೆ ತಮಾಷೆಗೆಂದು ಓಡಲು ಹೋದ. ಗೆಳೆಯರೆಲ್ಲ ಹಿಂದೆ ಬಿದ್ದರು, ಇವನು ಆಯ್ಕೆಯಾಗಿಬಿಟ್ಟ. ಅಕ್ಕ ಬಹಳ ದಿನ ಅವನ ಜೊತೆ ಮಾತು ಬಿಟ್ಟಳು. ನಾನು ಮಾತ್ರ ಆಫೀಸಿನಲ್ಲಿ ಪೇಡೆ ಹಂಚಿದೆ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಅವನು ರಜೆಗೆ ಬಂದಿದ್ದಾಗ ಗಡಿಯಲ್ಲಿ ಗದ್ದಲ ಎದ್ದಿತು. ಟಿವಿಯಲ್ಲಿ ಇಡೀ ದಿನ ಅದೇ. ರಜೆ ರದ್ದು, ಕೂಡಲೇ ಬಾ ಎಂದು ಅವನಿಗೆ ಫೋನ್ ಬಂತು. ಹುಡುಗ ಟ್ರಂಕು ತೆಗೆಯಲಿಲ್ಲ. ಅಕ್ಕ ನನಗೆ ಬರಹೇಳಿದಳು.

ಹಿತ್ತಲಲ್ಲಿ ಕೂರಿಸಿಕೊಂಡು ಕೇಳಿದೆ. ಆಗ ಹೇಳಿದ. ಹಿಂದಿನ ಚಳಿಗಾಲದಲ್ಲಿ ಮಂಜಿನೊಳಗೆ ಒಬ್ಬ ಮನುಷ್ಯ ಗಡಿ ದಾಟಿ ಈ ಕಡೆ ನುಸುಳಿ ಬಂದಿದ್ದನಂತೆ. ಸನ್ಮತಿ ಗುಂಡು ಹಾರಿಸಿದ. ಹತ್ತಿರ ಹೋದಾಗ ಆ ಮನುಷ್ಯನಿಗೆ ಇನ್ನೂ ಜೀವವಿತ್ತು. ಪಾನಿ ಎಂದನಂತೆ. ಇವನ ಸೊಂಟದಲ್ಲಿ ನೀರಿನ ಬಾಟಲಿ ಇತ್ತು, ಮುಂದೆ ನಡೆ ಎಂದು ಹುಕುಂ ಇತ್ತು. ಇವನು ಮುಂದೆ ನಡೆದ.

"ಹೋಗಾಕ ಅಂಜಿಕಿ ಇಲ್ರಿ ಮಾಮಾ," ಎಂದ. "ಸಾಯಾಕೂ ಅಂಜಿಕಿ ಇಲ್ಲ. ಅಲ್ಲಿ ಹೋದ್ರ ನನ್ನ ಕೈ ಮತ್ತ ಗುಂಡು ಹಾರಸ್ತೈತಿ. ನಾ ಬ್ಯಾಡ ಅಂದ್ರೂ ಹಾರಸ್ತೈತಿ. ಅದರದಾ ಅಂಜಿಕಿ."

ನನಗೆ ಸಿಟ್ಟು ಬಂತು. ನೀನು ಹಾರಿಸದಿದ್ದರೆ ಅವನು ಹಾರಿಸುತ್ತಿದ್ದ, ನೀನು ಹೋಗದಿದ್ದರೆ ನಿನ್ನ ಜಾಗದಲ್ಲಿ ಇನ್ನೊಬ್ಬ ತಾಯಿಯ ಮಗ ನಿಲ್ಲಬೇಕು, ಬೇಡಿ ಹಾಕಿ ಎಳೆದುಕೊಂಡು ಹೋಗುತ್ತಾರೆ, ಮನೆತನದ ಮಾನ ಹರಾಜಾಗುತ್ತದೆ ಎಂದೆಲ್ಲ ಬೈದೆ. ಹೋಗಿ ಹೇಳಿದಷ್ಟು ಮಾಡು, ಗುಂಡು ಹಾರಿಸು ಎಂದರೆ ಹಾರಿಸು ಎಂದೆ. ಬೈಯುವಾಗಲೂ ಒಳಗೆ ಸಂಶಯವಿತ್ತು. ಅಕ್ಕನೇ ಈ ಹುಡುಗನ ಕಿವಿ ಊದಿರಬೇಕು. ಅವಳಿಗೆ ಮೊದಲಿನಿಂದಲೂ ಈ ನೌಕರಿ ಬೇಡವಾಗಿತ್ತಲ್ಲ.

ಆಗ ಊರ ಬಸದಿಗೆ ಒಬ್ಬ ದಿಗಂಬರ ಮುನಿಗಳು ಬಂದು ಇಳಿದಿದ್ದರು. ತಿಳಿಯದವರಿಗಾಗಿ ಹೇಳುತ್ತೇನೆ, ನಮ್ಮಲ್ಲಿ ಮುನಿಗಳನ್ನು ಮಹಾರಾಜರು ಎನ್ನುತ್ತಾರೆ. ಮುನಿಗಳ ಆಹಾರ ದಿನಕ್ಕೆ ಒಂದೇ ಹೊತ್ತು, ಅದೂ ನಿಂತುಕೊಂಡು, ಬೊಗಸೆಯಲ್ಲಿ. ಆಹಾರಕ್ಕೆ ಹೊರಡುವ ಮುಂಚೆ ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಳ್ಳುತ್ತಾರೆ. ಹಸಿರು ಸೀರೆಯವಳು ಕಲಶ ಹಿಡಿದಿದ್ದರೆ ನಿಲ್ಲುತ್ತೇನೆ, ಗಂಡಹೆಂಡತಿ ಕೂಡಿ ನಿಂತಿದ್ದರೆ ನಿಲ್ಲುತ್ತೇನೆ, ಹೀಗೆ ಏನೋ ಒಂದು. ಯಾರಿಗೂ ಹೇಳುವುದಿಲ್ಲ. ಬಲಗೈ ಬೆರಳು ಕೂಡಿಸಿ ಹೆಗಲ ಮೇಲಿಟ್ಟುಕೊಂಡು ಓಣಿಯಲ್ಲಿ ನಡೆಯುತ್ತಾರೆ. ಸಂಕಲ್ಪಕ್ಕೆ ಹೊಂದುವುದು ಎಲ್ಲೂ ಕಾಣದಿದ್ದರೆ ಆ ದಿನ ಉಪವಾಸ. ಹೀಗಾಗಿ ಮನೆ ಮನೆಯಲ್ಲೂ ಮಡಿಯಲ್ಲಿ ಅಡುಗೆ ಮಾಡಿ, ಬಾಗಿಲಲ್ಲಿ ಕಲಶ, ತೆಂಗಿನಕಾಯಿ, ಹಣ್ಣು ಹಿಡಿದು ಕಾಯುತ್ತಾರೆ.

ನಾನು ಬೈದ ಮರುದಿನ ಬೆಳಿಗ್ಗೆ ಅಕ್ಕನೂ ಅಡುಗೆ ಮಾಡಿದ್ದಳು. ಸನ್ಮತಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ. ಇವತ್ತು ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತರೆ, ಬಂದೂಕು ಹಿಡಿಯುವುದಿಲ್ಲ ಎಂದು ಅವರ ಹತ್ತಿರ ವ್ರತ ತೆಗೆದುಕೊಂಡು ಮನೆಯಲ್ಲೇ ಉಳಿಯುತ್ತಾನಂತೆ. ನಿಲ್ಲದೆ ಹೋದರೆ ಸಂಜೆ ಕುಡಚಿಗೆ ಹೋಗಿ ರೈಲು ಹತ್ತುತ್ತಾನಂತೆ. ಅವರ ಸಂಕಲ್ಪ ಅವರಿಗೆ, ನನ್ನದು ನನಗೆ ಎಂದ. ಇಷ್ಟು ದೊಡ್ಡ ನಿರ್ಧಾರವನ್ನು ಹೀಗೆ ದಾರಿಯಲ್ಲಿ ಹೋಗುವವರ ಕಾಲಿಗೆ ಕಟ್ಟುತ್ತಾರೆಯೇ? ಅಕ್ಕ ಮೊದಲೇ ಬಸದಿಗೆ ಹೋಗಿ ಎಲ್ಲ ಹೇಳಿ ಬಂದಿರುತ್ತಾಳೆ, ಮುನಿಗಳು ಖಂಡಿತ ಇಲ್ಲೇ ನಿಲ್ಲುತ್ತಾರೆ ಎಂದು ನನಗೆ ಅನ್ನಿಸಿತು. ಹುಡುಗನ ಪಕ್ಕದಲ್ಲೇ ನಿಂತುಕೊಂಡೆ.

ಒಳ್ಳೆ ಬಿಸಿಲು. ಓಣಿಯ ತುದಿಯ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು, ಅಂದರೆ ಕರೆಂಟೂ ಇತ್ತು. ಅಕ್ಕ ಕಲಶ ಹಿಡಿದು ಮುಂದೆ ನಿಂತಿದ್ದಳು. ಮಿಲಿಟರಿಯ ಊಟ ಉಂಡವನು ಆಹಾರ ಕೊಡಲು ತಕ್ಕವನಲ್ಲ ಎಂದು ಸನ್ಮತಿ ಏನೂ ಹಿಡಿಯದೆ, ಎರಡೂ ಕೈ ಜೋಡಿಸಿಕೊಂಡು ಬಾಗಿಲ ಚೌಕಟ್ಟಿಗೆ ತಾಗಿ ನಿಂತಿದ್ದ. ಮುನಿಗಳು ಬಂದರು. "ನಮೋಸ್ತು, ನಮೋಸ್ತು" ಎಂದು ಕರೆದ ಮನೆಗಳನ್ನೆಲ್ಲ ದಾಟುತ್ತ ಬಂದು ನಮ್ಮ ಬಾಗಿಲ ಮುಂದೆ ನಿಂತರು.

ನೋಡಿದೆಯಾ, ನಾನು ಅಂದುಕೊಂಡಂತೆಯೇ ಆಯಿತು ಎಂದು ಮನಸ್ಸಿನಲ್ಲಿ ಅಕ್ಕನನ್ನು ಬೈಯುತ್ತಿದ್ದೆ. ಅಷ್ಟರಲ್ಲಿ ಮುನಿಗಳ ದೃಷ್ಟಿ ಸನ್ಮತಿಯ ಮೇಲೆ ಬಿತ್ತು. ಮುಖದ ಮೇಲಲ್ಲ, ಕೈಗಳ ಮೇಲೆ. ಹೆಗಲ ಮೇಲಿದ್ದ ಅವರ ಬೆರಳು ಬಿಚ್ಚಿಕೊಂಡವು. ಕೈ ಕೆಳಗಿಳಿಯಿತು. ಹಾಗೆ ಬೆರಳು ಬಿಚ್ಚಿದರೆ ಆ ದಿನ ಉಪವಾಸವೇ. ತಿರುಗಿ ಬಸದಿಯ ಕಡೆ ನಡೆದರು.

ಅಕ್ಕ ಒಳಗೆ ಓಡಿದಳು. ತನ್ನ ಅಡುಗೆಯಲ್ಲೇ ಏನೋ ದೋಷ ಆಯಿತು, ನೀರು ಸರಿಯಾಗಿ ಸೋಸಲಿಲ್ಲ, ಹಿಟ್ಟಿನಲ್ಲಿ ಹುಳ ಇತ್ತೋ ಏನೋ ಎಂದು ಪಾತ್ರೆಗಳನ್ನೆಲ್ಲ ಸುರುವಿಕೊಂಡು ಅಳತೊಡಗಿದಳು. ಆ ಅಳು ನೋಡಿದ ಮೇಲೆ, ಇದು ಇವಳ ನಾಟಕ ಎಂಬ ನನ್ನ ಸಂಶಯ ಬಿದ್ದುಹೋಯಿತು.

ಆಗ ಎದುರು ಮನೆಯ ಮುದುಕಿ ಚಂಪಾಯಿ ಬಂದಳು. ಬಂದವಳೇ ಸಿಟ್ಟಿನಿಂದ, "ಮಾರಾಜರು ಬರೂ ಹೊತ್ತಿನಾಗ ನಿಮ್ಮ ಹುಡುಗ ಬಂದೂಕ ಹಿಡಕೊಂಡು ಬಾಗಲದಾಗ ಯಾಕ ನಿಂತಿದ್ದ ಬೇ?" ಎಂದು ಅಕ್ಕನನ್ನು ಕೇಳಿದಳು.

ಮುದುಕಿಯ ಕಣ್ಣಿಗೆ ಪೊರೆ ಬಂದಿದೆ ಎಂದು ನಾನು ನಕ್ಕೆ. ಆದರೆ ಅವಳ ಸೊಸೆಯೂ ಕಂಡಿದ್ದಳು. ಮಧ್ಯಾಹ್ನ ಠಾಣೆಯಿಂದ ಒಬ್ಬ ಪೊಲೀಸನೂ ಬಂದ. ತೇರದಾಳದ ಓಣಿಯಲ್ಲಿ ಯಾರೋ ರೈಫಲ್ ಹಿಡಿದು ನಿಂತಿದ್ದಾನೆ ಎಂದು ಒಬ್ಬ ಹಾಲಿನ ಗಾಡಿಯವನು ಫೋನ್ ಮಾಡಿದ್ದನಂತೆ. ಆ ಗಾಡಿಯವನು ಬೀಳಗಿಯ ಕಡೆಯವನು. ಸನ್ಮತಿ ಯಾರು, ಏನು ಕೆಲಸ, ಒಂದೂ ಅವನಿಗೆ ಗೊತ್ತಿರಲಿಲ್ಲ. ರಜೆಗೆ ಬರುವ ಸಿಪಾಯಿ ಬಂದೂಕು ತರುವುದಿಲ್ಲ ಎಂದು ನಾನು ಹೇಳಿದೆ, ಪೊಲೀಸನಿಗೂ ಅದು ಗೊತ್ತಿತ್ತು. ಆದರೂ ಟ್ರಂಕು, ಅಟ್ಟ ಎಲ್ಲ ನೋಡಿ ಹೋದ. ಏನೂ ಸಿಗಲಿಲ್ಲ.

ಇಲ್ಲಿ ನನ್ನ ಕಸುಬು ಜಾಗೃತವಾಯಿತು. ಚಂಪಾಯಿಯ ಸೊಸೆ ಮುನಿಗಳು ಬರುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳು. ಇಸಿದುಕೊಂಡು ಮತ್ತೆ ಮತ್ತೆ ನೋಡಿದೆ. ಸನ್ಮತಿ ಸ್ಪಷ್ಟವಾಗಿ ಕಾಣುತ್ತಾನೆ. ಜೋಡಿಸಿದ ಕೈ, ಅಷ್ಟೇ. ಬಡಿಗೆಯಿಲ್ಲ, ಕೊಡೆಯಿಲ್ಲ, ಕಂಬದ ನೆರಳೂ ಇಲ್ಲ. ಸೊಸೆಗೆ ತೋರಿಸಿದೆ. ಫೋನಿನಲ್ಲಿ ಇಲ್ಲ ಖರೆ, ಆದರೆ ನಾನು ಕಣ್ಣಾರೆ ಕಂಡೆನಲ್ಲ ಎಂದು ಅದನ್ನೇ ಹೇಳಿದಳು. ಎದುರಿನಿಂದ ನೋಡಿದವರಿಗೆಲ್ಲ ಕಂಡಿತ್ತು. ಪಕ್ಕದಲ್ಲಿ ನಿಂತಿದ್ದ ನನಗೂ, ಅವನಿಗೆ ಬೆನ್ನು ಮಾಡಿ ಮುಂದೆ ನಿಂತಿದ್ದ ಅಕ್ಕನಿಗೂ ಕಂಡಿರಲಿಲ್ಲ. ಎಲ್ಲರೂ ಸೇರಿ ಆಟ ಹೂಡಿದ್ದಾರೆ ಎನ್ನೋಣವೆಂದರೆ ಯಾರಿಗೆ ಇದರಿಂದ ಏನು ಲಾಭ?

ಇದೆಲ್ಲ ನಡೆಯುವಾಗ ಸನ್ಮತಿ ಗೋಡೆಗೆ ಒರಗಿ ಕೂತಿದ್ದ. ಕೊನೆಗೆ ಎದ್ದು ಚಂಪಾಯಿಯ ಮುಂದೆ ಕೂತ.

"ಆಯಿ, ಬಂದೂಕಿನ ಬಾಯಿ ಯಾಕಡೆ ಇತ್ತು?"

ಮುದುಕಿ ಹೇಳಲು ಹಿಂದೆ ಮುಂದೆ ನೋಡಿದಳು. ಆಮೇಲೆ, "ಮಾರಾಜರ ಎದಿ ಕಡೆ ಇತ್ತಪಾ," ಎಂದಳು.

ಅವನು ಎದ್ದ. ಒಳಗೆ ಹೋಗಿ ಟ್ರಂಕು ತುಂಬತೊಡಗಿದ. ಗೆದ್ದೆ ಎಂದುಕೊಂಡು ನಾನು ಹೆಗಲು ತಟ್ಟಲು ಹೋದರೆ ನನ್ನ ಕೈ ಸರಿಸಿದ. ಹೋಗುತ್ತೇನೆ, ಆದರೆ ಬಂದೂಕು ಮುಟ್ಟುವುದಿಲ್ಲ, ಸಾಹೇಬರ ಎದುರೇ ನಿಂತು ಹಾಗೆ ಹೇಳುತ್ತೇನೆ, ಗಾಯಗೊಂಡವರನ್ನು ಹೊರು ಎಂದರೆ ಗುಂಡಿನ ನಡುವೆಯೂ ಹೊರುತ್ತೇನೆ, ಜೈಲಿಗೆ ಹಾಕಿದರೆ ಹಾಕಲಿ ಎಂದ. ನಾನು ಅಕ್ಕನ ಕಡೆ ನೋಡಿದೆ. ನೀನಾದರೂ ಬುದ್ಧಿ ಹೇಳು ಎಂಬ ಹಾಗೆ.

ಅಕ್ಕ ಕಣ್ಣು ಒರೆಸಿಕೊಂಡಳು. "ಹೇಡಿ ಅಂದ್ರ ಅನ್ನಲಿ ಮಗಾ," ಎಂದಳು. "ಅಲ್ಲೇ ನಿಂತು ಹೇಳು. ಮನಿಯಾಗ ಅಡಗಿ ಕೂತು ಹೇಳಬ್ಯಾಡ."

ಕುಡಚಿಯಲ್ಲಿ ರೈಲು ಹತ್ತಿಸಿ ಬಂದೆ. ಅವನು ಹೇಳಿದಂತೆಯೇ ಮಾಡಿದ. ಗಡಿಯ ಗದ್ದಲ ಕೆಲವೇ ದಿನಗಳಲ್ಲಿ ತಣ್ಣಗಾಯಿತು, ಇವನ ಗದ್ದಲ ತಣ್ಣಗಾಗಲಿಲ್ಲ. ವಿಚಾರಣೆ, ಶಿಕ್ಷೆ, ಕೊನೆಗೆ ನೌಕರಿಯಿಂದ ತೆಗೆದರು. ಈಗ ರಬಕವಿಯಲ್ಲಿ ಒಂದು ಸೀರೆ ಅಂಗಡಿಯಲ್ಲಿದ್ದಾನೆ. ಅವನು ಸೀರೆ ಬಿಡಿಸಿ ತೋರಿಸುವಾಗ ಬಂದವರು ಸೀರೆ ನೋಡುವ ಬದಲು ಅವನನ್ನೇ ನೋಡಿ ಪಿಸುಗುಡುತ್ತಾರೆ. ಹೆಣ್ಣು ಕೊಡಲು ಬಂದವರು ವಿಷಯ ತಿಳಿದು ಹಿಂದೆ ಹೋದದ್ದೂ ಉಂಟು. ಹುಡುಗ ಮಾತ್ರ ಚೆನ್ನಾಗಿ ನಿದ್ದೆ ಮಾಡುತ್ತಾನೆ ಎಂದು ಅಕ್ಕ ಹೇಳುತ್ತಾಳೆ.

ಅವನು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಎಲ್ಲರೂ ಹೀಗೆಯೇ ಕೈ ಜೋಡಿಸಿದರೆ ಗಡಿಯಲ್ಲಿ ನಿಲ್ಲುವವರು ಯಾರು ಎಂದು ಈಗಲೂ ಅವನ ಜೊತೆ ವಾದ ಮಾಡುತ್ತೇನೆ. ಅವನು ನಗುತ್ತ ಸೀರೆ ಮಡಚುತ್ತಾನೆ.

ಹೋದ ವರ್ಷ ಆ ಮುನಿಗಳು ಜಮಖಂಡಿಯ ಕಡೆ ಒಂದು ಹಳ್ಳಿಗೆ ಬಂದಿದ್ದಾರೆಂದು ತಿಳಿದು, ಯಾರಿಗೂ ಹೇಳದೆ ಬೈಕ್ ಹತ್ತಿ ಹೋದೆ. ಅವರು ಮೌನವ್ರತದಲ್ಲಿದ್ದರು. ನಮಸ್ಕಾರ ಮಾಡಿ, ತೇರದಾಳದ ಆ ಬೆಳಗನ್ನು ನೆನಪಿಸಿ, ನೇರವಾಗಿಯೇ ಕೇಳಿದೆ. ಅವತ್ತು ತಾವು ಏನು ಕಂಡಿರಿ? ಆ ಹುಡುಗನ ಕೈ ಖಾಲಿ ಇತ್ತು, ಪಕ್ಕದಲ್ಲೇ ನಿಂತಿದ್ದವನು ನಾನು.

ಅವರು ನನ್ನ ಮುಖ ನೋಡಲಿಲ್ಲ. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ನಡೆದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಗಾಬರಿಯಿಂದ ಮಗುವನ್ನು ಎಳೆದುಕೊಂಡು ನನ್ನಿಂದ ದೂರ ಸರಿದಳು. ಏನು ಕಂಡಿತು ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.